ಅಡಿಟಿಪ್ಪಣಿಯೊಂದು ತಡೆದ ಗಾಳಿ

ಪ್ರಶ್ನೆ: ಇಂಗ್ಲೆಂಡಿನಲ್ಲಿ ಒಂಬತ್ತು ವರ್ಷ ನೆಲದ ಮೇಲೆ ಹೊಸ ಗಾಳಿಯಂತ್ರಗಳು ಬಹುಮಟ್ಟಿಗೆ ಏಳಲೇ ಇಲ್ಲ, ಆದರೂ ಅವನ್ನು ನಿಷೇಧಿಸುವ ಕಾಯಿದೆ ಇರಲಿಲ್ಲ ಎಂದು ಓದಿದೆ. ಹಾಗಿದ್ದರೆ ಅವು ನಿಂತದ್ದು ಹೇಗೆ? ಈಗ ಏನು ಬದಲಾಗಿದೆ?

ಉತ್ತರ: ಎಲ್ಲಿ ಏನು ಕಟ್ಟಬಹುದು ಎಂಬುದನ್ನು ಹೇಳುವ ಯೋಜನಾ ನೀತಿಗೆ ಸೇರಿಸಿದ ಷರತ್ತು ಒಂದರಿಂದಲೇ ಹೆಚ್ಚಿನ ಹಾನಿಯಾಯಿತು. 2015ರ ಜೂನ್ 18ರಂದು ಸಚಿವರ ಲಿಖಿತ ಹೇಳಿಕೆಯಾಗಿ ಬಂದ ಅದು, ಮುಂದೆ ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್‌ಗಳೆಲ್ಲ ಅನುಸರಿಸುವ ರಾಷ್ಟ್ರೀಯ ಯೋಜನಾ ನೀತಿ ಚೌಕಟ್ಟಿನಲ್ಲಿ ಅಡಿಟಿಪ್ಪಣಿಯಾಗಿ ಸೇರಿಕೊಂಡಿತು. ಅದರ ಪ್ರಕಾರ, ಯಂತ್ರ ನಿಲ್ಲಿಸಬೇಕೆಂದಿರುವ ಜಾಗವನ್ನು ಕೌನ್ಸಿಲ್ ತನ್ನ ಅಭಿವೃದ್ಧಿ ಯೋಜನೆಯಲ್ಲಿ ಮೊದಲೇ ಗುರುತಿಸಿರಬೇಕಿತ್ತು. ಜೊತೆಗೆ, ಸುತ್ತಲಿನ ಜನ ಎತ್ತಿದ ಆಕ್ಷೇಪಗಳೆಲ್ಲ ಪೂರ್ತಿಯಾಗಿ ಬಗೆಹರಿದು ಅವರ ಬೆಂಬಲವೂ ದೊರೆತಿರಬೇಕಿತ್ತು. ಅನೇಕ ಕೌನ್ಸಿಲ್‌ಗಳು ಅಂಥ ಜಾಗಗಳನ್ನು ಗುರುತಿಸಿಯೇ ಇರಲಿಲ್ಲ. ಬೆಂಬಲವೆಂದರೆ ಎಷ್ಟು ಜನರದ್ದು, ಅದನ್ನು ಅಳೆಯುವುದು ಹೇಗೆ ಎಂಬುದನ್ನು ಸ್ಪಷ್ಟವಾಗಿ ಬರೆದಿರಲಿಲ್ಲವಾದ್ದರಿಂದ, ಒಂದೆರಡು ಮನೆಯವರ ತಕರಾರು ಉಳಿದರೂ ಅರ್ಜಿ ಬಿದ್ದುಹೋಗುವ ಭಯವಿತ್ತು. ಆ ಭಯಕ್ಕೇ ಬಂಡವಾಳ ಹೂಡುವವರು ಹಿಂದೆ ಸರಿದರು. ನೆಲದ ಮೇಲಿನ ಗಾಳಿ ವಿದ್ಯುತ್ತಿಗೆ ಸರ್ಕಾರದ ಸಹಾಯಧನ ನಿಲ್ಲಿಸುವ ನಿರ್ಧಾರವೂ ಅದೇ ಜೂನ್‌ನಲ್ಲಿ ಹೊರಬಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಆದರೆ ತನ್ನದೇ ಯೋಜನಾ ವ್ಯವಸ್ಥೆಯುಳ್ಳ ಸ್ಕಾಟ್ಲೆಂಡಿನಲ್ಲಿ ಗಾಳಿಯಂತ್ರಗಳು ಏಳುತ್ತಲೇ ಇದ್ದುದನ್ನು ನೋಡಿದರೆ, ಅಡಿಟಿಪ್ಪಣಿಯ ಭಾರ ಎಷ್ಟೆಂಬುದು ತಿಳಿಯುತ್ತದೆ.

2024ರ ಜುಲೈ 8ರಂದು, ಅಂದರೆ ಚುನಾವಣೆ ನಡೆದ ನಾಲ್ಕೇ ದಿನಕ್ಕೆ, ಹೊಸ ಸರ್ಕಾರ ಆ ಷರತ್ತನ್ನು ತೆಗೆದುಹಾಕಿತು.

ಸೌರ ವಿದ್ಯುತ್ತಿನ ಕಥೆ ಬೇರೆಯಾದರೂ ಅಷ್ಟೇ ಗಮನಾರ್ಹ. 50 ಮೆಗಾವ್ಯಾಟ್ ಮೀರಿದ ಸ್ಥಾವರಗಳ ತೀರ್ಮಾನ ಕೌನ್ಸಿಲ್‌ನಿಂದ ಕೇಂದ್ರದ ಸಚಿವರಿಗೆ ಹೋಗುತ್ತಿತ್ತು. ಆ ದಾರಿ ದೀರ್ಘವೂ ದುಬಾರಿಯೂ ಆಗಿತ್ತು. ಹೀಗಾಗಿ ಸರಿಯಾಗಿ 49.9 ಮೆಗಾವ್ಯಾಟ್‌ನ ಅರ್ಜಿಗಳು ಒಂದರ ಹಿಂದೊಂದು ಬರತೊಡಗಿದವು. ಬಿಸಿಲಿಗೂ ನೆಲಕ್ಕೂ ಯಾವ ಸಂಬಂಧವೂ ಇಲ್ಲದ ಒಂದು ಸಂಖ್ಯೆ ಸ್ಥಾವರದ ಗಾತ್ರವನ್ನು ನಿರ್ಧರಿಸುವುದು ಕೆಟ್ಟ ನಿಯಮದ ಲಕ್ಷಣವೆಂದೇ ನನ್ನ ಅಭಿಪ್ರಾಯ. 2025ರ ಡಿಸೆಂಬರ್ 31ರಿಂದ ಆ ಮಿತಿ 100 ಮೆಗಾವ್ಯಾಟ್‌ಗೆ ಏರಿದೆ. ದೊಡ್ಡ ಗಾಳಿ ಯೋಜನೆಗಳಿಗೂ ಅದೇ ಮಿತಿಯಿಟ್ಟು, ಅವನ್ನು ಮತ್ತೆ ರಾಷ್ಟ್ರಮಟ್ಟದ ಅನುಮತಿಯ ವ್ಯಾಪ್ತಿಗೆ ತರಲಾಗಿದೆ.

ಪ್ರಶ್ನೆ: ಅನುಮತಿ ಬೇಗ ಸಿಗಲೆಂದು ಸುತ್ತಲಿನ ಜನರ ಬಾಯಿ ಮುಚ್ಚಿಸುವುದು ಸರಿಯೇ?

ಉತ್ತರ: ಖಂಡಿತ ಸರಿಯಲ್ಲ. ಆದರೆ ಜನರ ಮಾತನ್ನು ಕೇಳುವುದಕ್ಕೂ ಪ್ರತಿಯೊಬ್ಬರ ಕೈಗೆ ಬೀಗ ಕೊಡುವುದಕ್ಕೂ ವ್ಯತ್ಯಾಸವಿದೆ. ಒಂದು ಉದಾಹರಣೆ ನೋಡಿ. ಸೂರ್ಯ ಕೆಳಗಿರುವ ಹೊತ್ತಿನಲ್ಲಿ ತಿರುಗುವ ರೆಕ್ಕೆಗಳ ನೆರಳು ಮನೆಯ ಕಿಟಕಿಯ ಮೇಲೆ ಹಾಯ್ದರೆ, ಒಳಗಿನ ಬೆಳಕು ಹತ್ತಿ ಆರಿದಂತೆ ಮಿನುಗುತ್ತದೆ. ಅಲ್ಲಿ ಕುಳಿತು ಓದುವವರಿಗೆ ಅದು ನಿಜವಾದ ಹಿಂಸೆ. ಯಾವ ಕಿಟಕಿಗೆ ಯಾವ ತಿಂಗಳು, ಯಾವ ಗಳಿಗೆಯಲ್ಲಿ ಆ ನೆರಳು ಬೀಳುತ್ತದೆ ಎಂಬುದನ್ನು ಮುಂಚಿತವಾಗಿಯೇ ಲೆಕ್ಕ ಹಾಕಬಹುದು, ಅಷ್ಟು ನಿಮಿಷ ಯಂತ್ರವನ್ನು ನಿಲ್ಲಿಸಬೇಕೆಂದು ಅನುಮತಿಪತ್ರದಲ್ಲಿಯೇ ಬರೆಯಬಹುದು. ಆ ಮನೆಯವರು ಮಾತಾಡಿದ್ದರಿಂದ ಯೋಜನೆ ಸುಧಾರಿಸಿತು, ಅದು ಬೀಳಬೇಕಾಗಿ ಬರಲಿಲ್ಲ.

ಆದ್ದರಿಂದಲೇ ಬ್ರಿಟನ್ನಿನ 2025ರ ಯೋಜನೆ ಮತ್ತು ಮೂಲಸೌಕರ್ಯ ಕಾಯಿದೆಯ ಒಂದು ಭಾಗ ನನಗೆ ಕಳವಳ ತರುತ್ತದೆ. ಹುರುಳಿಲ್ಲದ ವ್ಯಾಜ್ಯಗಳನ್ನು ಮತ್ತೆ ಮತ್ತೆ ನ್ಯಾಯಾಲಯಕ್ಕೆ ಒಯ್ಯುವ ಅವಕಾಶವನ್ನು ಅದು ಕಡಿಮೆ ಮಾಡಿದ್ದು ಒಳ್ಳೆಯದೇ. ಆದರೆ ರಾಷ್ಟ್ರಮಟ್ಟದ ಯೋಜನೆಗಳು ಅರ್ಜಿಗೆ ಮುಂಚೆ ಜನರೊಡನೆ ನಡೆಸಬೇಕಿದ್ದ ಕಡ್ಡಾಯ ಸಮಾಲೋಚನೆಯನ್ನೂ ಅದು ಕೈಬಿಟ್ಟಿದೆ. ನಕ್ಷೆ ಇನ್ನೂ ಪೆನ್ಸಿಲ್ ಗೆರೆಯಲ್ಲಿರುವಾಗ ಬಂದ ಆಕ್ಷೇಪವನ್ನು ಸರಿಪಡಿಸುವುದು ಸುಲಭ, ಕೊನೆಗೆ ಬಂದದ್ದನ್ನಲ್ಲ. ಜರ್ಮನಿ ಹಿಡಿದ ದಾರಿ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ: 2032ರ ಕೊನೆಯೊಳಗೆ ದೇಶದ ನೆಲದ ಶೇಕಡಾ 2ರಷ್ಟನ್ನು ಗಾಳಿ ವಿದ್ಯುತ್ತಿಗೆ ಗುರುತಿಸಬೇಕೆಂದು ಕಾಯಿದೆ ಮಾಡಿ, ಪ್ರತಿ ರಾಜ್ಯಕ್ಕೂ ಅದರ ಪಾಲನ್ನು ಹಂಚಿದ್ದಾರೆ. ಎಲ್ಲಿ ಎಂಬ ಚರ್ಚೆ ಮೊದಲೇ ಮುಗಿದರೆ, ಒಂದೊಂದು ಯಂತ್ರಕ್ಕೂ ಅದೇ ಜಗಳ ಮರುಕಳಿಸುವುದಿಲ್ಲ.

ಪ್ರಶ್ನೆ: ಅನುಮತಿ ಸಿಕ್ಕರೆ ವಿದ್ಯುತ್ ಬಂದಂತೆಯೇ?

ಉತ್ತರ: ಗ್ರಿಡ್‌ಗೆ ಜೋಡಿಸುವ ತಂತಿ ಇಲ್ಲದಿದ್ದರೆ ಇಲ್ಲ. ಬ್ರಿಟನ್ನಿನಲ್ಲಿ ಮೊದಲು ಬಂದವರಿಗೆ ಮೊದಲು ಸಂಪರ್ಕ ಎಂಬ ನಿಯಮವಿತ್ತು. ಕಟ್ಟುವ ಸಿದ್ಧತೆಯೇ ಇಲ್ಲದ ಯೋಜನೆಗಳು ಸರದಿಯ ಮುಂದೆ ಕುಳಿತು, ಅನುಮತಿ ಪಡೆದವರು ವರ್ಷಗಟ್ಟಲೆ ಕಾಯುವಂತಾಯಿತು. ಸಿದ್ಧವಾಗಿರುವ, ದೇಶಕ್ಕೆ ಬೇಕಾದ ಯೋಜನೆಗಳನ್ನು ಮುಂದಕ್ಕೆ ತರುವ ಹೊಸ ಕ್ರಮಕ್ಕೆ 2025ರ ಏಪ್ರಿಲ್‌ನಲ್ಲಿ ಅಲ್ಲಿನ ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಒಪ್ಪಿಗೆ ನೀಡಿತು. ಹೊಸ ವಿದ್ಯುತ್ ಗೋಪುರಗಳಿಂದ 500 ಮೀಟರ್ ಒಳಗಿರುವ ಮನೆಗಳಿಗೆ ಹತ್ತು ವರ್ಷದವರೆಗೆ ವರ್ಷಕ್ಕೆ 250 ಪೌಂಡ್ ವರೆಗೆ ಬಿಲ್ಲಿನಲ್ಲಿ ರಿಯಾಯಿತಿ ನೀಡುವುದಾಗಿಯೂ ಸರ್ಕಾರ ಪ್ರಕಟಿಸಿದೆ; ಗೋಪುರವನ್ನು ದಿನವೂ ಕಣ್ಣೆದುರು ಕಾಣುವವರಿಗೆ ಅದು ನ್ಯಾಯವಾಗಿ ಸಲ್ಲಬೇಕಾದದ್ದೇ.