ಬೆಳಗ್ಗೆ ಎದ್ದರೆ ಕೈ ಮೇಲೆ ಸಾಲು ಗುಳ್ಳೆ: ತಿಗಣೆ ಇರಬಹುದಾ?

ಪ್ರಶ್ನೆ: ನನಗೆ 24 ವರ್ಷ, ಬೆಂಗಳೂರಿನ ಒಂದು ಪಿಜಿಯಲ್ಲಿದ್ದೇನೆ. ಮೂರು ವಾರದಿಂದ ಬೆಳಗ್ಗೆ ಎದ್ದಾಗ ಮೊಣಕೈ, ಕುತ್ತಿಗೆ ಹತ್ತಿರ ಸಾಲಾಗಿ ಮೂರ್ನಾಲ್ಕು ಕೆಂಪು ಗುಳ್ಳೆ, ವಿಪರೀತ ತುರಿಕೆ. ಅದೇ ರೂಮಿನ ಗೆಳತಿಗೆ ಏನೂ ಆಗಿಲ್ಲ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮ್ ಹಚ್ಚಿದರೆ ಕಮ್ಮಿಯಾಗಿ ಮತ್ತೆ ಬರುತ್ತದೆ. ಇದು ಅಲರ್ಜಿಯಾ, ತಿಗಣೆಯಾ? ಹಬ್ಬಕ್ಕೆ ಊರಿಗೆ ಹೋಗಬೇಕು, ಮನೆಗೂ ಹರಡುತ್ತಾ ಅಂತ ಭಯ.

ಉತ್ತರ: ನನಗೂ ತಿಗಣೆ ಮೇಲೇ ಅನುಮಾನ. ಆದರೆ ಬರೀ ಗುಳ್ಳೆ ನೋಡಿ ಖಚಿತವಾಗಿ ಹೇಳೋದು ಕಷ್ಟ. ಸೊಳ್ಳೆ ಕಚ್ಚಿದರೂ ಹೀಗೇ ಕಾಣಬಹುದು. ಕಜ್ಜಿಯಾದರೆ ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಜಾಸ್ತಿ. ಗೆಳತಿಗೆ ಗುಳ್ಳೆ ಇಲ್ಲ ಅಂದರೆ ಅವರಿಗೆ ಕಚ್ಚಿಲ್ಲ ಅಂತಲ್ಲ. ಕೆಲವರ ಚರ್ಮದಲ್ಲಿ ಗುರುತೇ ಏಳುವುದಿಲ್ಲ, ಇನ್ನು ಕೆಲವರಿಗೆ ವಾರ ಎರಡು ವಾರ ತಡವಾಗಿ ಏಳುತ್ತದೆ.

ಹಾಗಾಗಿ ಹುಡುಕಬೇಕಾದ್ದು ಹಾಸಿಗೆಯಲ್ಲಿ. ಇವತ್ತೇ ರಾತ್ರಿ ಮೊಬೈಲ್ ಟಾರ್ಚ್ ಮತ್ತು ಹಳೇ ಎಟಿಎಂ ಕಾರ್ಡ್ ತೆಗೆದುಕೊಳ್ಳಿ. ಹಾಸಿಗೆಯ ಅಂಚಿನ ಹೊಲಿಗೆಯನ್ನು ಬೆರಳಿಂದ ಅಗಲಿಸಿ, ಮಡಿಕೆಯೊಳಗೆ ಕಾರ್ಡಿನ ಅಂಚು ಎಳೆಯುತ್ತಾ ಹೋಗಿ. ಬೆಳೆದ ತಿಗಣೆ ಅಗಸೆ ಬೀಜದ ಹಾಗೆ, ಚಪ್ಪಟೆ, ಕಂದು. ರಕ್ತ ಕುಡಿದಿದ್ದರೆ ಕೆಂಪಗೆ ಉಬ್ಬಿರುತ್ತದೆ. ಮೊಟ್ಟೆ ಒಂದು ಮಿಲಿಮೀಟರ್, ಬಿಳಿ, ಬಟ್ಟೆಗೆ ಅಂಟಿಕೊಂಡಿರುತ್ತದೆ. ಹುಳ ಸಿಗದಿದ್ದರೂ ಪೆನ್ನಿನ ಇಂಕು ತಾಗಿದಂಥ ಕಪ್ಪು ಚುಕ್ಕೆ ಇದ್ದರೆ ಒದ್ದೆ ಹತ್ತಿಯಿಂದ ಉಜ್ಜಿ. ತುಕ್ಕಿನ ಬಣ್ಣಕ್ಕೆ ಹರಡಿದರೆ ಅದು ತಿಗಣೆ ಹಿಕ್ಕೆಯೇ ಇರಬೇಕು. ಮಂಚದ ಸ್ಕ್ರೂ ತೂತು, ಪ್ಲಗ್ ಬೋರ್ಡ್, ಪರದೆಯ ಮಡಿಕೆಯನ್ನೂ ಬಿಡಬೇಡಿ.

ಗುಳ್ಳೆಗೆ ಸೋಪು ನೀರು, ತಣ್ಣನೆ ಬಟ್ಟೆ, ಕ್ಯಾಲಮೈನ್ ಲೋಷನ್ ಸಾಕು. ತುರಿಕೆಯಿಂದ ನಿದ್ದೆ ಕೆಡುತ್ತಿದ್ದರೆ ವೈದ್ಯರನ್ನು ಕೇಳಿ ಸೆಟಿರಿಜಿನ್ ತೆಗೆದುಕೊಳ್ಳಬಹುದು. ಆ ಕ್ರೀಮಿನ ಟ್ಯೂಬ್ ಮೇಲೆ ಕ್ಲೊಬೆಟಾಸೋಲ್ ಅಂತಿದ್ದರೆ ದಯವಿಟ್ಟು ಈಗಲೇ ನಿಲ್ಲಿಸಿ, ಚರ್ಮದ ವೈದ್ಯರಿಗೆ ತೋರಿಸಿ. ಅದು ಬಲವಾದ ಸ್ಟೀರಾಯ್ಡ್. ಸುಮ್ನೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಕೀವು, ಜ್ವರ ಬಂದರೂ ವೈದ್ಯರ ಹತ್ತಿರ ಹೋಗಿ. ತುಟಿ ಊದಿ ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆ. ತಿಗಣೆಯಿಂದ ರೋಗ ಹರಡುವುದು ಕಂಡುಬಂದಿಲ್ಲ, ಆ ಭಯ ಬೇಡ. ಕೊಳಕಿನಿಂದ ಬರುವುದೂ ಅಲ್ಲ. ಯಾರದೋ ಬ್ಯಾಗಿನಲ್ಲಿ, ಹಳೇ ಮಂಚದಲ್ಲಿ ಬರುತ್ತದೆ.

ಓಡಿಸುವುದಕ್ಕೆ ಬಿಸಿಯೇ ಒಳ್ಳೆ ಉಪಾಯ. ನಮ್ಮಜ್ಜಿ ಮಂಚವನ್ನು ಅಂಗಳಕ್ಕೆ ತಂದು ಸಂದಿಗಳಿಗೆ ಕುದಿಯುವ ನೀರು ಸುರಿಯುತ್ತಿದ್ದರು. ಅದು ಸರಿಯಾದ ಕೆಲಸ, ಮೊಟ್ಟೆಯೂ ಸಾಯುತ್ತದೆ. ಹಾಸಿಗೆಯನ್ನು ಬರೀ ಬಿಸಿಲಿಗೆ ಹಾಕಿದರೆ ಸಾಲದು, ಅವು ತಂಪು ಇರುವ ಒಳಗಡೆ ಸೇರಿಕೊಳ್ಳುತ್ತವೆ. ಬೆಡ್‌ಶೀಟ್, ದಿಂಬಿನ ಕವರ್ 60 ಡಿಗ್ರಿ ನೀರಲ್ಲಿ ಒಗೆಯಿರಿ. ಉಳಿದದ್ದು ಪಿಜಿಯವರ ಜವಾಬ್ದಾರಿ. ಪೆಸ್ಟ್ ಕಂಟ್ರೋಲ್ ಇಡೀ ಮಹಡಿಗೆ ಮಾಡಿಸಲಿ, ಎರಡು ವಾರಕ್ಕೆ ಇನ್ನೊಮ್ಮೆ ಮಾಡಿಸಲಿ. ಮೊದಲ ಸಲ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಾಳಿನ ಮೂಟೆಗೆ ಹಾಕುವ ವಿಷದ ಗುಳಿಗೆಯನ್ನು ರೂಮಿನಲ್ಲಿ ಇಡಲೇಬೇಡಿ. ಅದರಿಂದ ಬರುವ ಫಾಸ್ಫೀನ್ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ. ಔಷಧಿ ಹೊಡೆದ ಮನೆಗೆ ಬೇಗ ವಾಪಸ್ ಹೋಗಿ ಬೆಂಗಳೂರಿನಲ್ಲೇ ಜೀವ ಕಳೆದುಕೊಂಡವರಿದ್ದಾರೆ. ಎಷ್ಟು ಹೊತ್ತು ಹೊರಗಿರಬೇಕು ಅಂತ ಸಿಂಪಡಿಸುವವರನ್ನು ಮೊದಲೇ ಕೇಳಿ. ವಾಪಸ್ ಬಂದ ಮೇಲೂ ಕಿಟಕಿ ಬಾಗಿಲು ತೆರೆದಿಡಿ, ವಾಸನೆ ಇದ್ದರೆ ಆ ರಾತ್ರಿ ಬೇರೆ ಕಡೆ ಮಲಗಿ.

ಊರಿಗೆ ಧೈರ್ಯವಾಗಿ ಹೋಗಿ. ಬಿಸಿನೀರಲ್ಲಿ ಒಗೆದು ಒಣಗಿಸಿದ ಬಟ್ಟೆಯನ್ನು ನೇರ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಬ್ಯಾಗಿನ ಜಿಪ್, ಹೊಲಿಗೆ ಟಾರ್ಚ್ ಹಾಕಿ ನೋಡಿ. ಮನೆ ತಲುಪಿದ ಮೇಲೆ ಬ್ಯಾಗನ್ನು ಮಂಚದ ಮೇಲೆ ಇಡಬೇಡಿ. ಅಂಗಳದಲ್ಲೇ ಬಿಚ್ಚಿ, ಹಾಕಿಕೊಂಡು ಬಂದ ಬಟ್ಟೆಯನ್ನೂ ಕುದಿ ನೀರಿನ ಬಕೆಟ್ಟಿಗೆ ಹಾಕಿಬಿಡಿ.