‘ಬರೀ ಕೋಚ್’ ಅಂತ ಬರೆದಿದ್ದೀರಲ್ಲ!

ಪತ್ರ: ಸಂಪಾದಕರೇ, ನನ್ನ ಮಗ ಕನ್ನಡ ಮೀಡಿಯಂನಲ್ಲಿ ಒಂಬತ್ತನೇ ಕ್ಲಾಸು. ಫುಟ್‌ಬಾಲ್ ಅಂದರೆ ಅವನಿಗೆ ಊಟವೂ ಬೇಡ. ಈ ವರ್ಷ ಹದಿನೈದರ ಒಳಗಿನವರ ಒಂದು ಕ್ಯಾಂಪಿಗೆ ಆಯ್ಕೆಯಾಗಿದ್ದಾನೆ. ನಮ್ಮ ಮನೆಯವರು ಬೇಡ ಅನ್ನುತ್ತಾರೆ. ಪ್ಲಸ್ ಟುಗೆ ಸೈನ್ಸ್ ಸಿಗಬೇಕಾದರೆ ಈಗಲೇ ಕೂತು ಓದಬೇಕಂತೆ. ನನಗೂ ಹೆದರಿಕೆ. ಮೂವತ್ತೈದಕ್ಕೆಲ್ಲ ಆಟ ಮುಗಿಯುತ್ತದಲ್ಲ, ಆಮೇಲೇನು? ಕೊನೆಗೆ ಬರೀ ಕೋಚ್ ಆಗಿ ಉಳಿದರೆ? ಇನ್ನೊಂದು ಸಣ್ಣ ಪ್ರಶ್ನೆ. ಬೂಟು ಒಂದು ಸೈಜು ದೊಡ್ಡದೇ ತೆಗೆಯಬಹುದಾ?
– ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರು (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯಿತು. ಎರಡನೇ ಸಲ ‘ಬರೀ’ ಎಂಬ ಎರಡಕ್ಷರದ ಹತ್ತಿರ ಕಣ್ಣು ನಿಂತುಬಿಟ್ಟಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಮನೆಯವರ ಮಾತು. ಅದರಲ್ಲಿ ಸುಳ್ಳೇನಿಲ್ಲ. ಫುಟ್‌ಬಾಲ್ ನಂಬಿದವರನ್ನು ನಮ್ಮ ದೇಶ ನಡುದಾರಿಯಲ್ಲಿ ಬಿಟ್ಟದ್ದು ಒಂದೆರಡು ಸಲವಲ್ಲ. ಭಾರೀ ಸದ್ದು ಮಾಡಿ ಬಂದ ಕ್ಲಬ್ಬು ಎಫ್‌ಸಿ ಕೊಚ್ಚಿನ್ ಕೆಲವೇ ವರ್ಷದಲ್ಲಿ ಬಾಗಿಲು ಹಾಕಿತು. ಮುಂಬಯಿಯ ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಮುಚ್ಚಿದವು. 2025ರ ಜುಲೈಯಲ್ಲಂತೂ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್ ಹಂಗಾಮನ್ನೇ ತಡೆಹಿಡಿದರು. ಮೊಣಕಾಲು ಹೋದರೆ ಕೇಳುವವರು ಕಡಿಮೆ. ಮಗ ಓದಲಿ, ಓದಲೇಬೇಕು. ಇಲ್ಲಿಗೆ ಅವರ ವಾದಕ್ಕೊಂದು ನಮಸ್ಕಾರ. ಇನ್ನು ನನ್ನ ಸರದಿ.

ನಿಮ್ಮದೇ ಜಿಲ್ಲೆಯ ದಕ್ಷಿಣದ ತುದಿಯಲ್ಲಿ ತೃಕ್ಕರಿಪುರ ಇದೆ. ಅಲ್ಲಿಯ ಮೊಹಮ್ಮದ್ ರಫಿ ಯಾರೆಂದು ಕೇಳಿದರೆ ನಿಮ್ಮ ಮಗ ತಟ್ಟನೆ ಹೇಳುತ್ತಾನೆ. 2016ರ ಡಿಸೆಂಬರ್ 18, ಕೊಚ್ಚಿಯಲ್ಲಿ ಐಎಸ್‌ಎಲ್ ಫೈನಲ್. ಕಾರ್ನರ್‌ನಿಂದ ಬಂದ ಚೆಂಡಿಗೆ ರಫಿ ತಲೆ ಕೊಟ್ಟರು, ಗೋಲು! ಕೇರಳ ಬ್ಲಾಸ್ಟರ್ಸ್ ಕೊನೆಗೆ ಪೆನಾಲ್ಟಿಯಲ್ಲಿ ಸೋತದ್ದು ಬೇರೆ ಮಾತು. ಅದಕ್ಕೆ ಮೊದಲು ಕೋಲ್ಕತ್ತ, ಆಮೇಲೆ ಚೆನ್ನೈ ತಂಡದ ಜೊತೆ ಅವರು ಟ್ರೋಫಿ ಗೆದ್ದವರು. ನಮ್ಮ ಸಭೆಗಳಲ್ಲಿ ಮಾತ್ರ ಈ ಜಿಲ್ಲೆಯ ಆಟಗಾರ ಎಂದರೆ ಮೊದಲು ಬರುವುದು ಅನಿಲ್ ಕುಂಬ್ಳೆ ಹೆಸರು. ಅವರ ಮೇಲೆ ನನಗೆ ಗೌರವ ಇದೆ. ಆದರೆ ಅವರು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ ಮಾರಾಯ್ರೆ, ಊರಿನ ಹೆಸರು ಮಾತ್ರ ನಮ್ಮದು.

ಸರಿ, ನೀವು ಕೇಳಿದ್ದು ‘ಆಮೇಲೇನು’ ಎಂದು. ಅದಕ್ಕೆ ಕಾರ್ಲ್‌ಟನ್ ಚಾಪ್‌ಮನ್ ಅವರ ಕಥೆ ಹೇಳಬೇಕು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹುಡುಗ. ಮಿಡ್‌ಫೀಲ್ಡರ್. ಹತ್ತೊಂಬತ್ತರ ಹೊತ್ತಿಗೆ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಈಸ್ಟ್ ಬೆಂಗಾಲ್. ಅದೇ ವರ್ಷ ಇರಾಕಿನ ಅಲ್ ಜವ್ರಾ ತಂಡದ ಎದುರು ಹ್ಯಾಟ್ರಿಕ್. ಪಂದ್ಯ 6–2. ಆಮೇಲೆ ಜೆಸಿಟಿ, ಮೊದಲ ನ್ಯಾಷನಲ್ ಲೀಗ್ ಗೆದ್ದ ತಂಡ ಅದು. ನಂತರ ನಮ್ಮ ಕೇರಳಕ್ಕೇ ಬಂದು ಎಫ್‌ಸಿ ಕೊಚ್ಚಿನ್‌ಗೆ ಆಡಿದರು. ಮತ್ತೆ ಈಸ್ಟ್ ಬೆಂಗಾಲ್. 2001ರಲ್ಲಿ ಅವರ ನಾಯಕತ್ವದಲ್ಲಿ ಲೀಗ್ ಗೆದ್ದು ಅಲ್ಲಿಗೆ ಬೂಟು ಬಿಚ್ಚಿದರು. ಭಾರತ ತಂಡದ ನಾಯಕರೂ ಆಗಿದ್ದವರು.

ಆಗ ವಯಸ್ಸು ಮೂವತ್ತು. ನೀವು ಹೆದರುವ ಮೂವತ್ತೈದಕ್ಕೂ ಮೊದಲೇ ಅಲ್ವಾ? ಅವರು ವಾಪಸ್ ಹೋದದ್ದು ತಾವು ಕಲಿತ ಟಾಟಾ ಅಕಾಡೆಮಿಗೇ, ಕಲಿಸಲಿಕ್ಕೆ. ಅಲ್ಲಿಂದ ಒಂದೊಂದೇ ತಂಡ ಸುತ್ತಿ ಕೊನೆಗೆ ಕಲ್ಲಿಕೋಟೆಯ ಕ್ವಾರ್ಟ್ಸ್ ಎಂಬ ಕ್ಲಬ್ಬಿಗೆ ಬಂದರು. ದೇಶಕ್ಕೆ ಆಡಿದವರು ಹುಡುಗರ ಮುಂದೆ ವಿಸಿಲ್ ಹಿಡಿದು ನಿಂತರು. 2020ರ ಅಕ್ಟೋಬರ್ 12ಕ್ಕೆ ಹೃದಯಾಘಾತದಲ್ಲಿ ತೀರಿಕೊಂಡಾಗ ನಲವತ್ತೊಂಬತ್ತು ವರ್ಷ. ಸುದ್ದಿಗಳಲ್ಲಿ ಆ ಹ್ಯಾಟ್ರಿಕ್ ದೊಡ್ಡದಾಗಿ ಬಂತು. ಕಲಿಸಿದ ವರ್ಷಗಳಿಗೆ ಒಂದು ಸಾಲು ಸಿಕ್ಕಿದರೆ ಹೆಚ್ಚು. ಲೆಕ್ಕ ಹಾಕಿ ನೋಡಿ. ದೊಡ್ಡ ಕ್ಲಬ್ಬುಗಳಿಗೆ ಆಡಿದ್ದು ಎಂಟು ವರ್ಷ. ಉಳಿದದ್ದರಲ್ಲಿ ಜಾಸ್ತಿ ಕಲಿಸಿದ್ದೇ. ಯಾವುದನ್ನು ‘ಬರೀ’ ಅನ್ನೋಣ?

ಯಕ್ಷಗಾನದವರನ್ನು ನೋಡಿ. ವೇಷ ಬಿಟ್ಟ ಮೇಲೆ ಮನೆಯ ಜಗಲಿಯಲ್ಲಿ ಮಕ್ಕಳಿಗೆ ಹೆಜ್ಜೆ ಹೇಳಿಕೊಡುವವರನ್ನು ‘ಗುರುಗಳು’ ಅನ್ನುತ್ತೇವೆ. ಕಾಲಿಗೆ ಬೀಳುತ್ತೇವೆ, ಶಾಲು ಹೊದೆಸುತ್ತೇವೆ. ‘ಬರೀ ಗುರುಗಳು’ ಎಂದು ನೀವು ಬರೆಯುತ್ತಿರಲಿಲ್ಲ. ಪಾರ್ತಿಸುಬ್ಬನ ಸೀಮೆಯವರು ನಾವು, ಕಲಿಸುವವನ ಬೆಲೆ ನಮಗೆ ಗೊತ್ತಿಲ್ಲದೆ ಏನು? ಆ ಮರ್ಯಾದೆ ಚೆಂಡಿನ ಹತ್ತಿರ ಬರುವಾಗ ಎಲ್ಲಿ ಬಿದ್ದುಹೋಗುತ್ತದೋ.

ನಮ್ಮ ಫುಟ್‌ಬಾಲಿನ ಒಳ್ಳೆಯ ದಿನಗಳನ್ನು ತಂದದ್ದೂ ಒಬ್ಬ ಮಾಷ್ಟ್ರೇ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಅವರು ಕಲಿಸಿದ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯದಾಯಿತು. 1962ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ ತಂದಿತು. ಮರುವರ್ಷ ರಹೀಮ್ ಕ್ಯಾನ್ಸರಿನಿಂದ ಹೋದರು. ಆ ಫೈನಲ್‌ನಲ್ಲಿ ಗೋಲು ಹೊಡೆದ ಪಿ.ಕೆ. ಬ್ಯಾನರ್ಜಿ ಮುಂದೆ ಕೋಲ್ಕತ್ತದ ದೊಡ್ಡ ಕೋಚ್ ಆದರು. ಪಂದ್ಯಕ್ಕೆ ಮೊದಲು ಅವರಾಡುವ ಮಾತಿಗೆ ‘ವೋಕಲ್ ಟಾನಿಕ್’ ಎಂದೇ ಹೆಸರಿತ್ತು. ಮಾತೇ ಮದ್ದು ಎಂದ ಹಾಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಈಗಿನವರದ್ದೂ ಬೇಕಾದರೆ ಖಾಲಿದ್ ಜಮೀಲ್ ಇದ್ದಾರೆ. ಗಾಯದ ಕಾಟದಿಂದ ಆಟ ಬೇಗ ನಿಂತಿತು. 2009ರಲ್ಲಿ ಮುಂಬೈ ಎಫ್‌ಸಿಗೆ ಕೋಚ್. ವರ್ಷಗಟ್ಟಲೆ ಅಲ್ಲೇ ಇದ್ದು ಮಿಜೋರಾಮಿನ ಐಜ್ವಾಲ್‌ಗೆ ಹೋದರು. ಹಿಂದಿನ ವರ್ಷ ಲೀಗಿನಿಂದ ಕೆಳಗೆ ಬಿದ್ದು, ಹೇಗೋ ಮತ್ತೆ ಸೇರಿಸಿಕೊಂಡ ತಂಡ ಅದು. 2016–17ರ ರಾಷ್ಟ್ರಮಟ್ಟದ ಐ-ಲೀಗ್ ಅದೇ ಗೆದ್ದಿತು. 2025ರ ಆಗಸ್ಟ್‌ನಲ್ಲಿ ಅವರು ಭಾರತ ತಂಡದ ಮುಖ್ಯ ಕೋಚ್ ಆದರು.

ದೊಡ್ಡವರ ಸುದ್ದಿ ಸಾಕು. ನನ್ನ ಮಾಷ್ಟ್ರ ಬಗ್ಗೆ ಹೇಳುತ್ತೇನೆ.

ನಾನು ಕಲಿತದ್ದು ಗಡಿಯ ಒಂದು ಕನ್ನಡ ಶಾಲೆಯಲ್ಲಿ. ಡ್ರಿಲ್ ಮಾಷ್ಟ್ರು ಮೊದಲು ಕಲ್ಲಿಕೋಟೆಯಲ್ಲಿ ಆಡುತ್ತಿದ್ದವರಂತೆ, ಒಂದು ಮೊಣಕಾಲು ಸರಿಯಾಗಿ ಮಡಚುತ್ತಿರಲಿಲ್ಲ. ಮಕರದಲ್ಲಿ ಕೊಯ್ಲಾದ ಗದ್ದೆಯೇ ನಮ್ಮ ಗ್ರೌಂಡು. ಬರಿಗಾಲಿಗೆ ಕೂಳೆ ಚುಚ್ಚುತ್ತಿತ್ತು. ಗೋಲಿಗೆ ಎರಡು ಅಡಿಕೆ ಮರದ ತುಂಡು. ಚರ್ಮದ ಚೆಂಡು, ಒಳಗೆ ಬ್ಲ್ಯಾಡರ್, ಮೇಲೆ ಲೇಸು. ಲೇಸು ಹಣೆಗೆ ತಾಗಿದರೆ ಎರಡು ದಿನ ಗೆರೆ ಇರುತ್ತಿತ್ತು. ಮಳೆಗೆ ನೆನೆದರೆ ಹಲಸಿನ ಹಣ್ಣಿನಷ್ಟು ಭಾರ. ನಾವೆಲ್ಲ ಬಲಗಾಲಿನವರು. ಅವರು ನಮ್ಮ ಬಲಗಾಲಿಗೆ ಒದ್ದೆ ಗೋಣಿ ಕಟ್ಟಿ, ‘ಈಗ ಆಡಿ’ ಅನ್ನುತ್ತಿದ್ದರು. ಎಡಗಾಲು ಕೆಲಸ ಕಲಿಯುವವರೆಗೆ ಗೋಣಿ ಬಿಚ್ಚುತ್ತಿರಲಿಲ್ಲ. ಬೈಗಳು ತುಳುವಿನಲ್ಲಿ, ಹೊಗಳಿಕೆ ಮಲಯಾಳದಲ್ಲಿ, ರೂಲ್ಸು ಕನ್ನಡದಲ್ಲಿ. ಒಂದು ಮಾತೂ ಯಾರಿಗೂ ತಪ್ಪುತ್ತಿರಲಿಲ್ಲ.

ಅವರು ನಿವೃತ್ತರಾದ ದಿನ ನಾನೂ ಹೋಗಿದ್ದೆ. ಏಳು ಜನ ಭಾಷಣ ಮಾಡಿದರು. ರಜೆ ಹಾಕದ್ದನ್ನು, ಧ್ವಜವಂದನೆಗೆ ಅಂಗಳದ ಹುಲ್ಲು ಕೆತ್ತಿಸಿದ್ದನ್ನು ಹೊಗಳಿದರು. ಫುಟ್‌ಬಾಲ್ ಎಂಬ ಶಬ್ದ ಒಬ್ಬರ ಬಾಯಿಂದಲೂ ಬರಲಿಲ್ಲ. ಏಳರಲ್ಲಿ ಒಬ್ಬ ನಾನು. ನಾನೂ ಹುಲ್ಲಿನ ಬಗ್ಗೆಯೇ ಮಾತಾಡಿ ಇಳಿದೆ.

ಹೋದ ತಿಂಗಳು ಕುಂಬಳೆ ಹತ್ತಿರ ಒಂದು ಗಟ್ಟಿ ಕೆಂಪು ಮುರ ಮಣ್ಣಿನ ಗ್ರೌಂಡಿಗೆ ಬೆಳಗ್ಗೆ ಹೋಗಿ ಕೂತಿದ್ದೆ. ಇಪ್ಪತ್ತು ಹುಡುಗರು, ಒಬ್ಬ ಎಳೆಯ ಕೋಚ್. ಚೆಂಡು ಕಾಲಿಗೆ ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ಒಮ್ಮೆ ನೋಡಬೇಕು, ಅದನ್ನು ಕಲಿಸುತ್ತಿದ್ದ. ಒಳ್ಳೆಯ ಹುಡುಗ, ಕೋಚಿಂಗಿನ ಡಿ ಲೈಸೆನ್ಸ್ ಮಾಡಿದವ. ಮಲಯಾಳದಲ್ಲಿ ಕೂಗಿ ಹೇಳುತ್ತಿದ್ದ. ಎಲ್ಲರೂ ಒಟ್ಟಿಗೆ ತಿರುಗಿ ನೋಡುತ್ತಿದ್ದರು. ಒಬ್ಬ ಮಾತ್ರ ಪ್ರತಿ ಸಲ ಮೊದಲು ಪಕ್ಕದವನನ್ನು ನೋಡುತ್ತಿದ್ದ. ಆಮೇಲೆ ಹಿಂದೆ. ಅಷ್ಟರಲ್ಲಿ ಚೆಂಡು ಹೋಗಿರುತ್ತಿತ್ತು. ವಿರಾಮದಲ್ಲಿ ಮಾತಾಡಿಸಿದೆ. ಕನ್ನಡ ಶಾಲೆಯ ಹುಡುಗ. ‘ಅರ್ಥ ಆಗದಿದ್ದರೆ ಕೇಳಬಾರದಾ?’ ಎಂದೆ. ‘ಕೇಳಿದರೆ ನಗ್ತಾರೆ ಸಾರ್’ ಎಂದ. ಕೋಚನ್ನೂ ಕೇಳಿದೆ. ಇವ ಸ್ವಲ್ಪ ಸ್ಲೋ ಎಂದು ತಿಳಿದಿದ್ದನಂತೆ ಪಾಪ. ಅವನ ತಪ್ಪಲ್ಲ. ಅವನಿಗೆ ಕನ್ನಡ ಯಾರು ಕಲಿಸಿದ್ದಾರೆ?

ನನ್ನ ಹಳೆಯ ಸಂಕಟ ಇದೇ. ಕನ್ನಡ ಶಾಲೆಗಳಿಗೆ ಕನ್ನಡ ಬಾರದವರನ್ನು ಮಾಷ್ಟ್ರಾಗಿ ಕಳಿಸಿದಾಗ ನಾವು ಬೀದಿಗಿಳಿದೆವು, ಸರಿ. ಅದು ಗಣಿತಕ್ಕೆ, ಸಮಾಜಕ್ಕೆ. ಆಟದ ಮಾಷ್ಟ್ರಿಗಾಗಿ ಒಂದು ಅರ್ಜಿಯಾದರೂ ಬರೆದೆವಾ? ಮಕ್ಕಳ ಸಂಖ್ಯೆ ಕಡಿಮೆ ಎಂದು ಸಣ್ಣ ಶಾಲೆಗಳಿಗೆ ಆ ಹುದ್ದೆಯೇ ಸಿಗುವುದಿಲ್ಲ. ಸಿಕ್ಕದ್ದನ್ನು ಯಾರೂ ಕೇಳುವುದಿಲ್ಲ. ಅತ್ತ ಬೆಂಗಳೂರಿನವರಿಗೆ ನವೆಂಬರ್ ಒಂದಕ್ಕೆ ನಮ್ಮ ನೆನಪು. 2023ರಲ್ಲಿ ಕರ್ನಾಟಕ 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ನಾನಿಲ್ಲಿ ಪಾಯಸ ಮಾಡಿಸಿ ತಿಂದೆ. ಆ ತಂಡದ ಬಾಗಿಲು ನಮ್ಮ ಮಕ್ಕಳಿಗೆ ಎಷ್ಟು ದೂರ ಎಂದು ಆಮೇಲೆ ಹೊಳೆಯಿತು. ನಿಮ್ಮ ಮಗ ಮಲಯಾಳ ಚೆನ್ನಾಗಿ ಕಲಿಯಲಿ, ಕಲಿಯದೆ ಇಲ್ಲಿ ಆಟವೂ ಇಲ್ಲ, ಅಂಗಡಿಯೂ ಇಲ್ಲ. ಆದರೆ ಹನ್ನೆರಡು ವರ್ಷದ ಮಗುವಿಗೆ ಮೊದಲ ಸಲ ‘ಹಿಂದೆ ನೋಡು’ ಎಂದು ಹೇಳುವವರು ಅದರ ಭಾಷೆಯಲ್ಲೇ ಹೇಳಬೇಕು. ಅಂಥ ಒಬ್ಬ ಕೋಚ್ ಈ ಊರಿಗೆ ಬೇಕು. ನೀವು ‘ಉಳಿದರೆ’ ಎಂದು ಹೆದರಿದ್ದು ಅದಕ್ಕೇ!

ಕ್ಯಾಂಪಿಗೆ ಕಳಿಸಿ. ಪುಸ್ತಕವೂ ಜೊತೆಗೆ ಹೋಗಲಿ. ಕೋಚಿಂಗಿನ ಏಣಿ ಡಿ, ಸಿ, ಬಿ, ಎ, ಪ್ರೊ ಎಂದು ಮೇಲೆ ಹೋಗುತ್ತದೆ, ಅಲ್ಲೂ ಓದಿದವನಿಗೇ ಸುಲಭ. ಮನೆಯವರಿಗೆ ಇದನ್ನು ಹೇಳಿ, ಸ್ವಲ್ಪ ಮೆತ್ತಗಾಗಬಹುದು. ಒಂದು ಎಚ್ಚರಿಕೆ. ರಾತ್ರಿ ಲೈಟಿನಲ್ಲಿ ಏಳೇಳು ಜನ ಆಡುವ ಸೆವೆನ್ಸ್‌ಗೆ ಯಾರಾದರೂ ಹಣದ ಆಸೆ ತೋರಿಸಿ ಕರೆದರೆ ಈಗಲೇ ಬೇಡ. ಎಳೆಯ ಮೊಣಕಾಲು ಅದನ್ನು ತಡೆಯುವುದಿಲ್ಲ.

ಇನ್ನು ಬೂಟು. ದೊಡ್ಡದು ಬೇಡವೇ ಬೇಡ. ಮುಂದಿನ ವರ್ಷಕ್ಕೂ ಆಗಲಿ ಎಂದು ತೆಗೆದರೆ ಹಿಮ್ಮಡಿ ಜಾರಿ ಬೊಕ್ಕೆ ಬರುತ್ತದೆ, ಚೆಂಡಿನ ಅಂದಾಜೂ ತಪ್ಪುತ್ತದೆ. ಬೆರಳ ತುದಿಗೆ ಚೂರು ಜಾಗ ಇದ್ದರೆ ಸಾಕು. ಸಂಜೆ ಹೊತ್ತಿಗೆ ಅಂಗಡಿಗೆ ಹೋಗಿ, ಕಾಲು ಸ್ವಲ್ಪ ಊದಿರುತ್ತದೆ. ಆಡುವಾಗ ಹಾಕುವ ಸಾಕ್ಸ್ ಹಾಕಿಯೇ ನೋಡಲಿ. ನಮ್ಮ ಮುರ ಮಣ್ಣಿಗೆ ಉದ್ದ ಸ್ಟಡ್‌ನದ್ದು ಆಗುವುದಿಲ್ಲ, ಗಿಡ್ಡ ರಬ್ಬರ್ ಸ್ಟಡ್ ಜಾಸ್ತಿ ಇರುವುದನ್ನು ಕೇಳಿ ತೆಗೆದುಕೊಳ್ಳಿ.