ರಿಯಾಯಿತಿ ಅಂಗಡಿಗಳಲ್ಲಿ ಕೊಂಡರೆ ಬೆಂಗಳೂರಿನಲ್ಲಿ ತಿಂಗಳ ದಿನಸಿ ಖರ್ಚು ನಿಜಕ್ಕೂ ಇಳಿಯುತ್ತದೆಯೇ?

ಇಳಿಯುತ್ತದೆ, ಆದರೆ ಬೋರ್ಡಿನ ಮೇಲಿನ ಶೇಕಡಾವಾರು ನೋಡಿ ಕೊಂಡರೆ ಅಲ್ಲ. ಆ ರಿಯಾಯಿತಿ ಸಾಮಾನ್ಯವಾಗಿ ಎಂಆರ್‌ಪಿ ಮೇಲಿನದು. ಎಂಆರ್‌ಪಿ ಎಂದರೆ ತೆರಿಗೆಯೂ ಸೇರಿದ ಗರಿಷ್ಠ ಬೆಲೆ ಅಷ್ಟೇ. ನಿಮ್ಮ ಬೀದಿಯ ದಿನಸಿ ಅಂಗಡಿಯವರೂ ಅದಕ್ಕಿಂತ ಕಡಿಮೆಗೆ ಕೊಡುತ್ತಿರಬಹುದು, ಕೇಳಿ ನೋಡಿ.

ಹೋಲಿಸಬೇಕಾದ್ದು ಪ್ಯಾಕೆಟ್ಟಿನ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಗ್ರಾಂ ಅಥವಾ ಕಿಲೋ ದರವನ್ನು. ದೊಡ್ಡ ಪ್ಯಾಕೆಟ್ಟೇ ಅಗ್ಗ ಎಂದು ದಯವಿಟ್ಟು ನಂಬಬೇಡಿ. 900 ಗ್ರಾಂಗೆ 180 ರೂಪಾಯಿ ಎಂದರೆ ಗ್ರಾಂಗೆ 20 ಪೈಸೆ. 500 ಗ್ರಾಂಗೆ 95 ರೂಪಾಯಿ ಎಂದರೆ 19 ಪೈಸೆ. ಚಿಕ್ಕದೇ ಲಾಭ! ಒಂದಕ್ಕೊಂದು ಉಚಿತ ಎಂದಿದ್ದರೆ ಮೊದಲು ಎಕ್ಸ್‌ಪೈರಿ ದಿನಾಂಕ ನೋಡಿ.

ನನ್ನ ಪ್ರಕಾರ ಇಂಥ ಅಂಗಡಿಗಳು ಬೇಳೆ, ಎಣ್ಣೆ, ಸೋಪು, ಡಿಟರ್ಜೆಂಟಿಗೆ ಒಳ್ಳೆಯವು. ತರಕಾರಿಗೆ ಹತ್ತಿರದ ಹಾಪ್‌ಕಾಮ್ಸ್ ದರಪಟ್ಟಿ ನೋಡಿ. ಕೆ.ಆರ್. ಮಾರ್ಕೆಟ್ಟಿಗೆ ಬೆಳಗಿನ ಜಾವವೇ ಹೋಗುವುದಾದರೆ ಪಕ್ಕದ ಮನೆಯವರನ್ನೂ ಸೇರಿಸಿಕೊಳ್ಳಿ: ಸಗಟಿನಲ್ಲಿ ತಂದು ಹಂಚಿಕೊಂಡರೆ ಸೊಪ್ಪು ಕೊಳೆಯುವುದಿಲ್ಲ, ಆಟೋ ಬಾಡಿಗೆಯೂ ಹಂಚಿಹೋಗುತ್ತದೆ. ಆ ಬಾಡಿಗೆಯನ್ನೂ ದಿನಸಿ ಲೆಕ್ಕದಲ್ಲೇ ಬರೆಯಿರಿ. ತುಂಬಾ ಜನ ಬಿಡುವುದು ಅದನ್ನೇ.